ಪರರ ಗಾನಕ್ಕೆ ಬೆರಳುಗಳನ್ನಿತ್ತ ಫ್ರಾಂಜ್ ಲಿಸ್ಟ್

ಗ್ರಾಮಫೋನು, ಬಾನುಲಿಗಳಿಲ್ಲದ ಕಾಲದಲ್ಲಿ ಹೊಸ ಸಂಗೀತವೊಂದು ಊರಿನಿಂದ ಊರಿಗೆ ತಲುಪುತ್ತಿದ್ದುದಾದರೂ ಹೇಗೆ? ದೊಡ್ಡ ವಾದ್ಯವೃಂದವನ್ನು ಸಾಕುವ ಶಕ್ತಿ ಮಹಾನಗರಗಳಿಗೂ ಅರಮನೆಗಳಿಗೂ ಮಾತ್ರ ಇತ್ತು. ಉಳಿದ ಸಂಗೀತಪ್ರಿಯರಿಗೆ ಮನೆಯ ಪಿಯಾನೋ ಒಂದೇ ಕಿಟಕಿ. ಯುರೋಪಿನಲ್ಲಿ ಆ ಕಿಟಕಿಯನ್ನು ಅಗಲವಾಗಿ ತೆರೆದಿಟ್ಟವರು ಫ್ರಾಂಜ್ ಲಿಸ್ಟ್.

ಅವರು ಜನಿಸಿದ್ದು 1811ರ ಅಕ್ಟೋಬರ್ 22ರಂದು, ಅಂದು ಹಂಗೇರಿ ರಾಜ್ಯಕ್ಕೆ ಸೇರಿದ್ದ, ಇಂದು ಆಸ್ಟ್ರಿಯದಲ್ಲಿರುವ ರೈಡಿಂಗ್ ಗ್ರಾಮದಲ್ಲಿ. ಎಸ್ಟರ್‌ಹಾಜಿ ರಾಜಮನೆತನದ ಜಮೀನಿನಲ್ಲಿ ಉದ್ಯೋಗಿಯಾಗಿದ್ದ ತಂದೆ ಆಡಮ್, ಯೌವನದಲ್ಲಿ ಕೆಲಕಾಲ ಫ್ರಾನ್ಸಿಸ್ಕನ್ ಮಠದಲ್ಲಿ ನವಶಿಷ್ಯರಾಗಿದ್ದವರು. ಮಗನನ್ನು ಅವರು ವಿಯೆನ್ನಾಕ್ಕೆ ಕರೆದೊಯ್ದಾಗ, ಬಾಲಕನ ಪ್ರತಿಭೆಯನ್ನು ಕಂಡ ಗುರು ಚೆರ್ನಿ ಪಾಠಕ್ಕೆ ಸಂಭಾವನೆಯೇ ಬೇಡವೆಂದರು. ಆ ಋಣವನ್ನು ಲಿಸ್ಟ್ ಮರೆಯಲಿಲ್ಲ. ಮುಂದೆ ದೇಶದೇಶಗಳಿಂದ ತಮ್ಮಲ್ಲಿಗೆ ಬಂದ ಶಿಷ್ಯರಿಗೆ ಅವರೂ ಉಚಿತವಾಗಿಯೇ ಕಲಿಸಿದರು.

1827ರಲ್ಲಿ ತಂದೆ ತೀರಿಕೊಂಡರು. ಪ್ಯಾರಿಸ್ಸಿನಲ್ಲಿ ತಾಯಿಯೊಡನಿದ್ದ ತರುಣ ಲಿಸ್ಟ್ ಗುರುಮಠ ಸೇರಲು ಹಂಬಲಿಸಿದರೂ ತಾಯಿ ಅದಕ್ಕೆ ಒಪ್ಪಲಿಲ್ಲ. 1830ರಲ್ಲಿ ಬೆರ್ಲಿಯೋಜ್ ಎಂಬ ಯುವಕನ ವಿಲಕ್ಷಣ ಸಿಂಫನಿಯೊಂದು ಪ್ರಥಮ ಬಾರಿಗೆ ನುಡಿಯಿತು. ಕೇಳಿದ ಲಿಸ್ಟ್ ಮಾರುಹೋದರು. ಆ ಕೃತಿಯನ್ನು ಅಚ್ಚು ಹಾಕಿಸುವವರು ಯಾರೂ ಇಲ್ಲದಾಗ, ಇಡೀ ವಾದ್ಯವೃಂದದ ನಾದವನ್ನು ಎರಡು ಕೈಗಳಿಗೆ ಅಳವಡಿಸಿ ತಮ್ಮ ಸ್ವಂತ ಹಣದಿಂದಲೇ ಪ್ರಕಟಿಸಿದರು. ಜರ್ಮನಿಯಲ್ಲಿದ್ದ ಶೂಮನ್ 1835ರಲ್ಲಿ ಆ ಸಿಂಫನಿಯನ್ನು ಕುರಿತು ವಿವರವಾದ ವಿಮರ್ಶೆ ಬರೆದದ್ದು ಈ ಪಿಯಾನೋ ಪ್ರತಿಯನ್ನು ಓದಿಯೇ.

ಅಲ್ಲಿಂದ ಮುಂದೆ ಅವರಿಗೆ ಯಾವ ಪ್ರಕಾರವೂ ಅನ್ಯವಾಗಲಿಲ್ಲ. ಬೇಥೋವನ್ನರ ಒಂಬತ್ತೂ ಸಿಂಫನಿಗಳು, ಶೂಬರ್ಟರ ಐವತ್ತಕ್ಕೂ ಹೆಚ್ಚು ಗೀತೆಗಳು, ಬಾಖರ ಆರ್ಗನ್ ಕೃತಿಗಳು, ಇಟಲಿಯ ಒಪೆರಾಗಳು ಅವರ ಬೆರಳುಗಳ ಮೂಲಕ ಹೊಸ ಊರುಗಳಿಗೆ ಹೋದವು. ಜಿಪ್ಸಿ ವಾದಕರ ರಾಗಗಳೂ ಅವರ ಹಂಗೇರಿಯನ್ ರಾಪ್ಸೊಡಿಗಳಲ್ಲಿ ಸಭಾಂಗಣವನ್ನೇರಿದವು. ಆ ರಾಗಗಳೇ ಹಂಗೇರಿಯ ಮೂಲ ಜಾನಪದವೆಂಬ ಅವರ ಎಣಿಕೆಯನ್ನು ಇಪ್ಪತ್ತನೇ ಶತಮಾನದಲ್ಲಿ ಬಾರ್ಟೋಕ್ ತಿದ್ದಿದರಾದರೂ, ಅವುಗಳ ಆಕರ್ಷಣೆ ಕುಂದಲಿಲ್ಲ.

ಕೀರ್ತಿಯ ಶಿಖರದಲ್ಲಿದ್ದಾಗಲೇ, 1847ರಲ್ಲಿ, ಸಂಭಾವನೆಯ ಕಛೇರಿಗಳಿಗೆ ವಿದಾಯ ಹೇಳಿ ಜರ್ಮನಿಯ ಪುಟ್ಟ ನಗರ ವೈಮರಿನಲ್ಲಿ ನೆಲೆಸಿದರು. 1849ರ ಡ್ರೆಸ್ಡನ್ ದಂಗೆಯಲ್ಲಿ ಪಾಲ್ಗೊಂಡು ಓಡಿಬಂದ ವಾಗ್ನರರಿಗೆ ಆಶ್ರಯವಿತ್ತು, ಗಡಿ ದಾಟಲು ನೆರವಾದರು. ಮರುವರ್ಷ ಆಗಸ್ಟ್ 28ರಂದು ಅವರ 'ಲೋಹೆಂಗ್ರಿನ್' ಒಪೆರಾವನ್ನು ತಾವೇ ನಿರ್ದೇಶಿಸಿ ರಂಗಕ್ಕೆ ತಂದರು. ಶೂಬರ್ಟ್ ತೀರಿಕೊಂಡು ಇಪ್ಪತ್ತಾರು ವರ್ಷಗಳಾದರೂ ರಂಗ ಕಾಣದಿದ್ದ ಒಪೆರಾವೊಂದು 1854ರಲ್ಲಿ ಅಲ್ಲಿಯೇ ಬೆಳಕು ಕಂಡಿತು. ಈ ಔದಾರ್ಯಕ್ಕೆ ಬೆಲೆ ತೆರಬೇಕಾಯಿತು. 1858ರ ಡಿಸೆಂಬರಿನಲ್ಲಿ ಶಿಷ್ಯ ಕೊರ್ನೇಲಿಯಸ್ ರಚಿಸಿದ ಹೊಸ ಒಪೆರಾವನ್ನು ವಿರೋಧಿಗಳು ಗದ್ದಲವೆಬ್ಬಿಸಿ ಹೀಯಾಳಿಸಿದಾಗ, ಲಿಸ್ಟ್ ಅಲ್ಲಿನ ನಿರ್ದೇಶಕ ಸ್ಥಾನವನ್ನು ತ್ಯಜಿಸಿದರು.

ಅವರ ಖಾಸಗಿ ಬದುಕು ನಿಷ್ಕಳಂಕವಾಗಿರಲಿಲ್ಲ. ಅವರ ಮೂವರು ಮಕ್ಕಳು ವಿವಾಹಬಂಧನದ ಹೊರಗೆ ಜನಿಸಿದವರು. ಅವರಲ್ಲಿ ಇಬ್ಬರನ್ನು 1859 ಮತ್ತು 1862ರಲ್ಲಿ ಕಳೆದುಕೊಂಡ ದುಃಖ ಅವರನ್ನು ರೋಮಿನ ಏಕಾಂತಕ್ಕೆ ಒಯ್ದಿತು. ಅವರು ತಂಗಿದ್ದ ಮಠಕ್ಕೆ 1863ರಲ್ಲಿ ಪೋಪ್ ಒಂಬತ್ತನೇ ಪಯಸರೇ ಬಂದು ಅವರ ವಾದನವನ್ನು ಆಲಿಸಿದರು. 1865ರಲ್ಲಿ ಲಿಸ್ಟ್ ಅಂದು ಪ್ರಚಲಿತವಿದ್ದ ನಾಲ್ಕು ಕಿರಿಯ ದೀಕ್ಷೆಗಳನ್ನು ಪಡೆದರು. ಬಲಿಪೂಜೆ ಅರ್ಪಿಸುವ ಗುರುವಾಗದಿದ್ದರೂ ಕೊನೆಯವರೆಗೆ ಕಪ್ಪು ನಿಲುವಂಗಿಯಲ್ಲೇ ಉಳಿದರು. ಆಗಲೂ ಹೊಸಬರಿಗೆ ಬಾಗಿಲು ಮುಚ್ಚಲಿಲ್ಲ. 1870ರಲ್ಲಿ ರೋಮಿಗೆ ಬಂದ ನಾರ್ವೆಯ ತರುಣ ಗ್ರೀಗನ ಕೈಬರಹದ ಪಿಯಾನೋ ಕೃತಿಯನ್ನು ನೋಡನೋಡುತ್ತಲೇ ನುಡಿಸಿ ಹುರಿದುಂಬಿಸಿದರು. ಸೇನ್-ಸಾನ್ಸರ ಸಂಸೋನನ ಕಥೆಯ ಒಪೆರಾ 1877ರಲ್ಲಿ ವೈಮರಿನಲ್ಲಿ ಮೊದಲ ಪ್ರದರ್ಶನ ಕಂಡದ್ದೂ ಅವರ ಬೆಂಬಲದಿಂದಲೇ.

ಇಷ್ಟೆಲ್ಲ ಜನರ ಸಂಗೀತವನ್ನು ಹೊತ್ತು ನಡೆದವರ ಸ್ವಂತ ಕೃತಿಯ ಗತಿಯೇನಾಯಿತು? 1879ರ ವೇಳೆಗೆ ಅವರು 'ಶಿಲುಬೆ ಹಾದಿ'ಯ ಹದಿನಾಲ್ಕು ಸ್ಥಳಗಳಿಗೆ ಸಂಗೀತ ರಚಿಸಿದ್ದರು. ಲ್ಯಾಟಿನ್ ಸ್ತೋತ್ರದ ಪಕ್ಕದಲ್ಲೇ ಲೂಥರನ್ ಸಭೆಯ ಕೀರ್ತನೆಗಳೂ ಅಲ್ಲಿವೆ. ಸ್ವರಗಳು ವಿರಳ, ಮೌನ ಹೆಚ್ಚು. ಪ್ರಕಾಶಕರು ಅದನ್ನು ಮುದ್ರಿಸಲು ಒಪ್ಪಲಿಲ್ಲ. 1886ರ ಜುಲೈ 31ರಂದು ಬೈರಾಯ್ಟಿನಲ್ಲಿ ಕಣ್ಣು ಮುಚ್ಚಿದ ಲಿಸ್ಟ್ ಅದನ್ನು ಸಭೆಯಲ್ಲಿ ಕೇಳಲೇ ಇಲ್ಲ. 1929ರ ಶುಭ ಶುಕ್ರವಾರದಂದು ಬುಡಾಪೆಸ್ಟಿನಲ್ಲಿ ಆ ಕೃತಿ ಮೊದಲ ಬಾರಿಗೆ ನುಡಿಯಿತು. ಒಮ್ಮೆ ಬೆರ್ಲಿಯೋಜರಿಗಾಗಿ, ಶೂಬರ್ಟರಿಗಾಗಿ ಅವರು ಮಾಡಿದ್ದನ್ನು ಅಂದು ಬೇರೆಯವರು ಅವರಿಗಾಗಿ ಮಾಡಿದರು.

ನಮ್ಮ ದೇವಾಲಯದ ಗಾನವೃಂದದಲ್ಲಿ ಹೊಸ ರಾಗವೊಂದನ್ನು ಅಂಜುತ್ತಾ ತಂದಿಡುವ ಯುವಕನೋ ಯುವತಿಯೋ ಇದ್ದರೆ, ಬೇಡವೆನ್ನುವ ಮುನ್ನ ಒಮ್ಮೆ ಕಿವಿಗೊಟ್ಟು ಕೇಳೋಣ.