ಜೇಮ್ಸ್ ಪ್ರಿನ್ಸೆಪ್

ಪಲ್ಲಾವರಂ ಬೆಟ್ಟದ ಗುಹೆಯಲ್ಲಿ ಏಳನೆಯ ಶತಮಾನದ ಪಲ್ಲವ ದೊರೆ ಮಹೇಂದ್ರವರ್ಮನ ಬಿರುದುಗಳನ್ನು ಕಲ್ಲಿನಲ್ಲಿ ಕೊರೆದಿರುವುದನ್ನು ನಾವು ಕಾಣಬಹುದು. ಆ ಲಿಪಿಗೂ ನಾವು ದಿನವೂ ಬರೆಯುವ ಕನ್ನಡ ಲಿಪಿಗೂ ಮೂಲವಾದುದು ಬ್ರಾಹ್ಮೀ ಲಿಪಿ. 1830ರ ವೇಳೆಗೆ ಅಶೋಕನ ಕಾಲದ ಬ್ರಾಹ್ಮಿಯನ್ನು ಓದಬಲ್ಲವರು ಒಬ್ಬರೂ ಉಳಿದಿರಲಿಲ್ಲ. ಆ ಮೌನವನ್ನು ಮುರಿದವನು ಟಂಕಸಾಲೆಯ ಒಬ್ಬ ಅಧಿಕಾರಿ.

1799ರಲ್ಲಿ ಇಂಗ್ಲೆಂಡಿನಲ್ಲಿ ಜನಿಸಿದ ಪ್ರಿನ್ಸೆಪ್ಪನು 1819ರಲ್ಲಿ ಕಲ್ಕತ್ತೆಗೆ ಬಂದನು. ಕಾಶಿಯ ಟಂಕಸಾಲೆಯಲ್ಲಿ ಹತ್ತು ವರ್ಷ ಲೋಹಪರೀಕ್ಷಕನಾಗಿದ್ದು, ಆ ನಗರದ ಕೊಳೆನೀರು ಹರಿದುಹೋಗಲು ನೆಲದಡಿಯ ಕಾಲುವೆಯನ್ನೂ ಕಟ್ಟಿಸಿದನು. 1832ರಲ್ಲಿ ಏಷ್ಯಾಟಿಕ್ ಸೊಸೈಟಿಯ ಕಾರ್ಯದರ್ಶಿಯಾದನು. ಚಿನ್ನದ ಕಣವನ್ನು ತೂಗಿ ತೂಗಿ ಪಳಗಿದ ಕಣ್ಣು ಈಗ ಶಾಸನಗಳತ್ತ ತಿರುಗಿತು.

ಅಲಹಾಬಾದಿನ ಸ್ತಂಭಲೇಖದ ಅಕ್ಷರಗಳನ್ನು ಅವನು ಒಂದೊಂದಾಗಿ ಬಿಡಿಸಿ ಪಟ್ಟಿ ಮಾಡಿದನು. ಒಂದೇ ಅಕ್ಷರಕ್ಕೆ ಬೇರೆ ಬೇರೆ ಗೆರೆಗಳು ಅಂಟಿಕೊಂಡಿದ್ದವು. ಅದೇ ಗೆರೆಗಳು ಬೇರೆ ಅಕ್ಷರಗಳಿಗೂ ಸೇರಿದ್ದವು. ಇದು ನಮ್ಮ ಕಾಗುಣಿತವಲ್ಲದೆ ಮತ್ತೇನು? ಒಂದಕ್ಷರದ ಉಚ್ಚಾರಣೆಯನ್ನೂ ಅರಿಯದೆ ಕಾಗುಣಿತದ ಚೌಕಟ್ಟನ್ನು ಕಂಡುಕೊಂಡುದು ಸಾಮಾನ್ಯ ಸಾಧನೆಯಲ್ಲ.

1837ರಲ್ಲಿ ಸಾಂಚಿಯ ಕಟಾಂಜನದ ಕಿರುಲೇಖಗಳ ಪ್ರತಿಗಳು ಅವನ ಕೈಸೇರಿದವು. ಅವುಗಳಲ್ಲಿ ಬಹುಪಾಲು ಲೇಖಗಳು ಒಂದೇ ಎರಡು ಅಕ್ಷರಗಳಿಂದ ಮುಗಿಯುತ್ತಿದ್ದವು. ಕಂಬಕ್ಕೊಂದರಂತೆ ಬಿಡಿಬಿಡಿಯಾಗಿದ್ದ ಅವು ರಾಜಾಜ್ಞೆಯ ಭಾಗಗಳಾಗಿರಲಾರವು. ದೇಗುಲಗಳಲ್ಲಿ ಭಕ್ತರು ತಮ್ಮ ಕಾಣಿಕೆಯನ್ನು ಬರೆಸುವ ವಾಡಿಕೆಯುಂಟು. ಹಾಗಾದರೆ ಕೊನೆಯ ಮಾತು ದಾನಂ ಆಗಿರಬೇಕು! ಅದರ ಹಿಂದೆ ಮತ್ತೆ ಮತ್ತೆ ಬರುತ್ತಿದ್ದ ಅಕ್ಷರವು ಇಂಥವನ ಎಂಬ ಅರ್ಥದ ಷಷ್ಠೀ ವಿಭಕ್ತಿಯ ಸಕಾರವೆಂದು ತಿಳಿಯಿತು. ದ, ನ, ಅನುಸ್ವಾರಗಳು ದೊರೆತ ಮೇಲೆ ಉಳಿದ ಅಕ್ಷರಗಳು ಬೇಗಬೇಗನೆ ಬಿಡಿಸಿಕೊಂಡವು.

ಸ್ತಂಭಗಳಲ್ಲಿ ದೇವಾನಂಪಿಯ ಪಿಯದಸಿ ಎಂಬ ರಾಜನು ಮಾತನಾಡತೊಡಗಿದನು. ಅವನು ಸಿಂಹಳದ ದೊರೆಯೆಂದು ಪ್ರಿನ್ಸೆಪ್ಪನು ಮೊದಲು ಭಾವಿಸಿದನು. ಅವನೇ ಅಶೋಕನೆಂದು ಸಿಂಹಳದ ಪಾಲಿ ಗ್ರಂಥಗಳ ಆಧಾರದಿಂದ ತೋರಿಸಿಕೊಟ್ಟವನು ಟರ್ನರ್.

ಹಗಲು ಟಂಕಸಾಲೆ, ಉಳಿದ ಹೊತ್ತೆಲ್ಲ ಶಾಸನ. ದೇಹವು ಎಷ್ಟೆಂದು ತಾಳೀತು? 1838ರಲ್ಲಿ ಮೆದುಳಿನ ಬೇನೆಗೆ ತುತ್ತಾಗಿ ಸ್ವದೇಶಕ್ಕೆ ಮರಳಿದ ಪ್ರಿನ್ಸೆಪ್ಪನು 1840ರ ಏಪ್ರಿಲ್ ತಿಂಗಳಲ್ಲಿ ತೀರಿಕೊಂಡನು. ಆಗ ಅವನಿಗೆ ಕೇವಲ ನಲವತ್ತು ವರ್ಷ. ರಾಜನ ಹೆಸರು ಅಶೋಕ ಎಂದೇ ಕೊರೆದಿದ್ದ ಶಾಸನವು ನಮ್ಮ ರಾಯಚೂರು ಸೀಮೆಯ ಮಸ್ಕಿಯಲ್ಲಿ ದೊರೆತುದು 1915ರಲ್ಲಿ. ಅದನ್ನು ನೋಡುವ ಭಾಗ್ಯ ಅವನದಾಗಲಿಲ್ಲ.