ಅಲ್ ಬಿರೂನಿ ಅಳೆದ ದೂರ

ನಾನಿ ಉಮ್ರಾಗೆ ಹೊರಟಾಗ ಬೆಂಗಳೂರಿನಿಂದ ಜಿದ್ದಾ ಎಷ್ಟು ದೂರ ಎಂದು ನನ್ನನ್ನು ಕೇಳಿದರು. ಸೈನ್ಸ್ ಓದುವ ಮೊಮ್ಮಗ ನಾನೇ ತಾನೆ! ಮೊಬೈಲ್ ಬದಿಗಿಟ್ಟು ಅಟ್ಲಾಸ್ ತೆರೆದೆ. ಎರಡು ವಿಮಾನ ನಿಲ್ದಾಣಗಳ ಅಕ್ಷಾಂಶದ ವ್ಯತ್ಯಾಸ 8.5 ಡಿಗ್ರಿ, ರೇಖಾಂಶದ್ದು 38.5. ಡಿಗ್ರಿಗೆ 111 ಕಿ.ಮೀ. ಹಿಡಿದು ಪೈಥಾಗೊರಸ್ ಪ್ರಮೇಯ ಹಾಕಿದೆ. ಸುಮಾರು 4,380 ಕಿ.ಮೀ. ಬಂತು. ನಿಜವಾದ ದೂರ ಸುಮಾರು 4,180. ಗುಂಡ್ಲುಪೇಟೆಯಿಂದ ಬೆಂಗಳೂರಿಗೆ ಇರುವಷ್ಟು ದೂರ ಹೆಚ್ಚಾಗಿ ಹೇಳಿಬಿಟ್ಟಿದ್ದೆ.

ತಪ್ಪು ಎಲ್ಲಾಯಿತು ಎಂದು ಹುಡುಕುವಾಗ ಸಿಕ್ಕವರು ಅಬೂ ರೈಹಾನ್ ಅಲ್ ಬಿರೂನಿ. 973ರಲ್ಲಿ ಖ್ವಾರಿಜ್ಮ್‌ನ ಕಾಥ್ ಪಟ್ಟಣದಲ್ಲಿ ಹುಟ್ಟಿದರು. ಅದು ಈಗಿನ ಉಜ್ಬೇಕಿಸ್ತಾನದಲ್ಲಿದೆ. ಅಕ್ಷಾಂಶವನ್ನು ಸೂರ್ಯನ ಎತ್ತರದಿಂದ ಪಡೆಯಬಹುದು, ರೇಖಾಂಶ ಕಷ್ಟ. 997ರಲ್ಲಿ ಅವರು ಕಾಥ್‌ನಲ್ಲಿ, ಅಬುಲ್ ವಫಾ ಬಗ್ದಾದ್‌ನಲ್ಲಿ, ಮೊದಲೇ ಮಾತಾಡಿಕೊಂಡು ಒಂದೇ ಚಂದ್ರಗ್ರಹಣವನ್ನು ನೋಡಿದರು. ಗ್ರಹಣ ಎಲ್ಲರಿಗೂ ಒಂದೇ ಕ್ಷಣದಲ್ಲಿ ಹಿಡಿಯುತ್ತದೆ, ಆದರೆ ಊರೂರಿನ ಹೊತ್ತು ಬೇರೆ. ಆ ಹೊತ್ತಿನ ವ್ಯತ್ಯಾಸವೇ ರೇಖಾಂಶದ ವ್ಯತ್ಯಾಸ. ಒಂದು ಗಂಟೆಗೆ 15 ಡಿಗ್ರಿ. ಫೋನ್ ಇಲ್ಲದ ಕಾಲದಲ್ಲಿ ಆಕಾಶವನ್ನೇ ಗಡಿಯಾರ ಮಾಡಿಕೊಂಡರು.

1017ರಲ್ಲಿ ಘಜ್ನಿಯ ಸುಲ್ತಾನ್ ಮಹಮೂದ್ ಖ್ವಾರಿಜ್ಮ್ ಗೆದ್ದು ಅವರನ್ನು ತನ್ನ ಜೊತೆ ಕರೆದೊಯ್ದ. ಹೋಗುವುದಿಲ್ಲ ಎನ್ನುವ ಹಾಗಿರಲಿಲ್ಲ. ಮರುವರ್ಷ ಕಾಬೂಲ್ ಬಳಿಯ ಹಳ್ಳಿಯೊಂದರಲ್ಲಿದ್ದಾಗ ಕೈಯಲ್ಲಿ ಒಂದು ಉಪಕರಣವೂ ಇರಲಿಲ್ಲ. ಲೆಕ್ಕದ ಹಲಗೆಯ ಹಿಂಬದಿಯಲ್ಲಿ ಡಿಗ್ರಿಗಳ ಕಮಾನು ಗೀಚಿ, ತೂಗುಗುಂಡು ಕಟ್ಟಿ, ಸೂರ್ಯನ ಎತ್ತರ ಅಳೆದರು. ನಮ್ಮ ಲ್ಯಾಬಿನಲ್ಲಿ ಸಾಮಾನು ಸಾಲದು ಎಂದು ಗೊಣಗುವಾಗ ನನಗೆ ಈ ಹಲಗೆ ನೆನಪಾಗುತ್ತದೆ.

ಆ ವರ್ಷಗಳಲ್ಲಿ ಬರೆದ ತಹದೀದ್ ಎಂಬ ಗ್ರಂಥದಲ್ಲಿ ಘಜ್ನಿಯ ಕಿಬ್ಲಾ ದಿಕ್ಕನ್ನು ಲೆಕ್ಕದಿಂದಲೇ ಕಂಡುಹಿಡಿದರು. (ಗುಂಡ್ಲುಪೇಟೆಯಲ್ಲಿ ಅದು ನೇರ ಪಶ್ಚಿಮವಲ್ಲ, ಪಶ್ಚಿಮದಿಂದ ಉತ್ತರಕ್ಕೆ ಸುಮಾರು 20 ಡಿಗ್ರಿ.) ಅದಕ್ಕೆ ಬಗ್ದಾದ್ ಮತ್ತು ಘಜ್ನಿಯ ರೇಖಾಂಶದ ವ್ಯತ್ಯಾಸ ಬೇಕಿತ್ತು. ವರ್ತಕರ ಒಂಟೆ ಸಾಲುಗಳು ನಡೆದ ದಾರಿಯ ಅಳತೆ ತೆಗೆದುಕೊಂಡು, ದಾರಿಯ ಅಂಕುಡೊಂಕಿಗೆ ತಕ್ಕಷ್ಟು ಕಳೆದರು. ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ ಬಸ್ಸಿನಲ್ಲಿ ಸುಮಾರು 35 ಕಿ.ಮೀ., ಹಕ್ಕಿಗೆ 30 ಸಾಕು. ಹೀಗೆ ಊರಿಂದೂರಿಗೆ ಲೆಕ್ಕ ಮಾಡುತ್ತಾ ಹೋಗಿ ಪಡೆದ ಉತ್ತರ ಸುಮಾರು 24 ಡಿಗ್ರಿ. ಇಂದಿನ ನಕ್ಷೆಯೂ ಅದನ್ನೇ ಹೇಳುತ್ತದೆ.

ಈಗಿನ ಪಾಕಿಸ್ತಾನದಲ್ಲಿರುವ ನಂದನ ಕೋಟೆಯ ಬೆಟ್ಟದ ಎತ್ತರ ಅವರ ಅಳತೆಯಲ್ಲಿ ಸುಮಾರು 652 ಮೊಳ. ಅದರ ತುದಿಯಿಂದ ದಿಗಂತ ಎಷ್ಟು ಕೆಳಗೆ ಕಾಣುತ್ತದೆ ಎಂದು ಅಳೆದರು. ಬಂದದ್ದು 34 ಮಿನಿಟು, ಅಂದರೆ ಒಂದು ಡಿಗ್ರಿಗಿಂತ ಕಡಿಮೆ. ಅಷ್ಟರಿಂದಲೇ ಭೂಮಿಯ ತ್ರಿಜ್ಯ ತೆಗೆದರು. ನಮ್ಮ ಗೋಪಾಲಸ್ವಾಮಿ ಬೆಟ್ಟ ಎತ್ತರವೇನೋ ಹೌದು, ಆದರೆ ಆ ಮಂಜಿನಲ್ಲಿ ದಿಗಂತ ಹುಡುಕುವವರು ಯಾರು?

ಸಂಸ್ಕೃತ ಕಲಿತು 1030ರ ಸುಮಾರಿಗೆ ಭಾರತದ ಬಗ್ಗೆ ದೊಡ್ಡ ಗ್ರಂಥ ಬರೆದದ್ದೂ ಇವರೇ. ಘಜ್ನಿಯಲ್ಲೇ, 1050ರ ಆಸುಪಾಸಿನಲ್ಲಿ ತೀರಿಕೊಂಡರು.

ನನ್ನ ತಪ್ಪು ಇಷ್ಟೇ: ರೇಖಾಂಶಗಳು ಉತ್ತರಕ್ಕೆ ಹೋದಂತೆ ಹತ್ತಿರವಾಗುತ್ತವೆ. ರೇಖಾಂಶದ ಒಂದು ಡಿಗ್ರಿ ಬೆಂಗಳೂರಿನಲ್ಲಿ 108 ಕಿ.ಮೀ., ಜಿದ್ದಾದಲ್ಲಿ 103. ಎರಡು ಊರು ಮತ್ತು ಉತ್ತರ ಧ್ರುವ ಸೇರಿಸಿ ಗೋಳದ ಮೇಲೆ ತ್ರಿಕೋನ ಎಳೆದು ಮತ್ತೆ ಲೆಕ್ಕ ಮಾಡಿದೆ. 37.6 ಡಿಗ್ರಿ ಬಂತು. ಅಷ್ಟರಲ್ಲಿ ನಾನಿ ಜಿದ್ದಾ ತಲುಪಿ ಫೋನ್ ಮಾಡಿದ್ದರು.