ವಿದ್ವತ್ತಿನ ತೂಕವೂ ಆಚಾರ್ಯ ರಂಗನಾಥನ್ ಅವರ ಬಾಳೂ

ಎಣಿಕೆಯ ವಿದ್ಯೆಯನ್ನು ಮಂಗಳೂರಿನ ಬಂದರಿಗೆ ಯಾರೂ ಕಲಿಸಬೇಕಾದುದಿಲ್ಲ. ಹಂಚು, ಕಾಫಿ, ಮೆಣಸು, ಅಕ್ಕಿ ಮೊದಲಾದ ಸರಕುಗಳು ಹಲವು ತಲೆಮಾರುಗಳ ಕಾಲ ಇಲ್ಲಿಯ ದಕ್ಕೆಯಲ್ಲಿ ಏರಿ ಇಳಿದಿವೆ. ಇಲ್ಲಿಯ ಮಂಡಿಯಲ್ಲಿ ಲೆಕ್ಕ ಬರೆದ ಗುಮಾಸ್ತನಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತಿರುತ್ತಿತ್ತು. ಚೀಲಗಳನ್ನು ಎಣಿಸಿದ ಮಾತ್ರಕ್ಕೆ ಕಾಫಿಯ ಗುಣ ತಿಳಿಯದು. ಅದಕ್ಕೆ ಚೀಲವನ್ನು ಬಿಚ್ಚಿ ಬೀಜವನ್ನು ಕೈಯಲ್ಲಿ ಹಿಡಿದು ನೋಡಬೇಕು. ಎಣಿಕೆಯು ಬೇಡವೆಂದಲ್ಲ, ಎಣಿಕೆಯ ಕೆಲಸ ಒಂದು, ಪರೀಕ್ಷೆಯ ಕೆಲಸ ಇನ್ನೊಂದು. ಇಷ್ಟು ಸುಲಭವಾದ ಈ ವಿವೇಕವು ವಿದ್ವಾಂಸರ ಯೋಗ್ಯತೆಯನ್ನು ಅಳೆಯುವಾಗ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಮರೆತುಹೋಗುತ್ತಿರುವುದು ವ್ಯಥೆಯ ವಿಷಯ. ಆದುದರಿಂದ, ಬಂದರಿನಿಂದ ಸ್ವಲ್ಪವೇ ದೂರದ ಹಂಪನಕಟ್ಟೆಯ ಸರಕಾರಿ ಕಾಲೇಜಿನಲ್ಲಿ ಒಂದು ಕಾಲದಲ್ಲಿ ಗಣಿತವನ್ನು ಬೋಧಿಸಿದ ಮಹನೀಯರೊಬ್ಬರ ಜೀವನವನ್ನು ವಾಚಕರ ಮುಂದಿಡುವುದು ಉಚಿತವೆಂದು ನಾವು ಎಣಿಸಿದ್ದೇವೆ.

ಶಿಯಾಳಿ ರಾಮಾಮೃತ ರಂಗನಾಥನ್ ಅವರು 1892ನೆಯ ಇಸವಿಯ ಆಗಸ್ಟು ತಿಂಗಳಲ್ಲಿ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ ಜನಿಸಿದರು. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತವನ್ನು ಓದಿ 1916ರಲ್ಲಿ ಎಂ.ಎ. ಪದವಿಯನ್ನು ಪಡೆದರು. ತರುವಾಯ ಶಿಕ್ಷಕರ ತರಬೇತಿಯನ್ನು ಮುಗಿಸಿ 1917ರಲ್ಲಿ ಮಂಗಳೂರಿನ ಸರಕಾರಿ ಕಾಲೇಜಿಗೆ ಅಧ್ಯಾಪಕರಾಗಿ ಬಂದರು. ಆಗ ದಕ್ಷಿಣ ಕನ್ನಡವು ಮದರಾಸು ಆಧಿಪತ್ಯದ ಒಂದು ಜಿಲ್ಲೆಯಾಗಿತ್ತು. ಅವರಿಗೆ ಮಾತು ತೊದಲುವ ತೊಂದರೆಯಿದ್ದಿತು. ಪಾಠ ಹೇಳುವವನಿಗೆ ಇದು ಸಣ್ಣ ತೊಡಕಲ್ಲ. ಅದನ್ನು ಅವರು ಕ್ರಮಕ್ರಮವಾಗಿ ಹಿಡಿತಕ್ಕೆ ತಂದುಕೊಂಡರು. 1920ರಲ್ಲಿ ಕೊಯಮುತ್ತೂರಿಗೂ, ಮರುವರ್ಷ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೂ ಅವರ ವರ್ಗವಾಯಿತು. ಮಂಗಳೂರಿನಲ್ಲಿದ್ದ ಆ ಮೂರು ವರ್ಷಗಳಲ್ಲಿ, ಮುಂದೆ ಅವರ ಕೀರ್ತಿಗೆ ಕಾರಣವಾದ ಗ್ರಂಥಗಳಲ್ಲಿ ಒಂದಾದರೂ ಹುಟ್ಟಿರಲಿಲ್ಲವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

1924ರ ಜನವರಿಯಲ್ಲಿ ಅವರು ಮದರಾಸು ವಿಶ್ವವಿದ್ಯಾನಿಲಯದ ಪ್ರಥಮ ಗ್ರಂಥಪಾಲರಾದರು. ಪಾಠಪ್ರವಚನಗಳ ಸಡಗರಕ್ಕೆ ಒಗ್ಗಿದ ಮನಸ್ಸಿಗೆ ಆ ಕೆಲಸವು ಮೊದಮೊದಲು ಬರಿಯ ಬೇಸರವಾಗಿ ಕಂಡಿತು. ಹಳೆಯ ಕಾಲೇಜಿಗೇ ಮರಳಬೇಕೆಂದು ಅವರು ಪ್ರಯತ್ನಿಸಿದ್ದೂ ಉಂಟು. ಆದರೆ ಅದೇ ವರ್ಷ ಇಂಗ್ಲೆಂಡಿಗೆ ಹೋಗಿ ಲಂಡನ್ನಿನಲ್ಲಿ ಬರ್ವಿಕ್ ಸೇಯರ್ಸ್ ಎಂಬ ಆಚಾರ್ಯರ ಬಳಿ ಗ್ರಂಥಾಲಯಶಾಸ್ತ್ರವನ್ನು ಕಲಿತು, ಅಲ್ಲಿಯ ಹಲವಾರು ಗ್ರಂಥಾಲಯಗಳನ್ನು ಸುತ್ತಿ ನೋಡಿದ ಮೇಲೆ ಅವರ ದೃಷ್ಟಿಯೇ ಬದಲಾಯಿತು. ಅಲ್ಲಿಯ ಅಂಗಡಿಯೊಂದರಲ್ಲಿ ಮೆಕ್ಯಾನೋ ಎಂಬ ಆಟಿಕೆಯನ್ನು ಕಂಡರು. ಕೆಲವೇ ಬಗೆಯ ಪಟ್ಟಿ, ತಿರುಪು, ಗಾಲಿಗಳನ್ನು ಬೇರೆಬೇರೆಯಾಗಿ ಜೋಡಿಸಿದರೆ ಬೇಕಾದ ಯಂತ್ರವಾಗುವಂತೆ, ಒಂದು ವಿಷಯವನ್ನು ಅದರ ಅಂಗಗಳಾಗಿ ಬಿಡಿಸಿ ಮತ್ತೆ ಚಿಹ್ನೆಗಳಿಂದ ಜೋಡಿಸಿದರೆ ಯಾವ ಹೊಸ ಗ್ರಂಥಕ್ಕಾದರೂ ಸ್ಥಾನ ದೊರಕುವುದೆಂಬ ಯೋಚನೆ ಅವರಿಗೆ ಹೊಳೆಯಿತು. 1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣ ಪದ್ಧತಿಗೆ ಮೂಲವು ಇದೇ.

ಇದಕ್ಕೆ ಮುಂಚೆ 1931ರಲ್ಲಿ ಗ್ರಂಥಾಲಯಶಾಸ್ತ್ರದ ಐದು ಸೂತ್ರಗಳನ್ನು ಕುರಿತ ಅವರ ಗ್ರಂಥವು ಹೊರಬಂದಿದ್ದಿತು. ಪುಸ್ತಕವು ಇರುವುದು ಬೀಗದ ಕಪಾಟಿಗಾಗಿ ಅಲ್ಲ, ಓದುಗನ ಉಪಯೋಗಕ್ಕಾಗಿ ಎಂಬುದೇ ಆ ಸೂತ್ರಗಳ ತಾತ್ಪರ್ಯ. ಇಪ್ಪತ್ತು ವರ್ಷಗಳ ಮದರಾಸು ಸೇವೆಯ ತರುವಾಯ ಕಾಶಿ ಮತ್ತು ದಿಲ್ಲಿಯ ವಿಶ್ವವಿದ್ಯಾನಿಲಯಗಳಲ್ಲಿ ಅವರು ಕೆಲಸ ಮಾಡಿದರು. ಅವರ ಬಹುಕಾಲದ ಪ್ರಯತ್ನದ ಫಲವಾಗಿ 1948ರಲ್ಲಿ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾನೂನು ಮಂಜೂರಾಯಿತು. 1956ರ ರಾಜ್ಯ ಪುನರ್ವಿಂಗಡಣೆಯ ತನಕ ನಮ್ಮ ಜಿಲ್ಲೆಯು ಮದರಾಸಿಗೆ ಸೇರಿದ್ದುದರಿಂದ ಆ ಕಾನೂನಿನ ಪ್ರಯೋಜನವು ನಮಗೂ ಒದಗಿತು.

ನಮ್ಮ ಪ್ರಸ್ತುತ ವಿಷಯಕ್ಕೆ ಮುಖ್ಯವಾದ ಘಟನೆಯೂ ಅದೇ 1948ರದು. ಇಂಗ್ಲೆಂಡಿನ ಲೆಮಿಂಗ್ಟನ್ ಎಂಬಲ್ಲಿ ಆಸ್ಲಿಬ್ ಸಂಸ್ಥೆಯ ಸಮ್ಮೇಳನವು ನಡೆದಾಗ, ಜೀವಶಾಸ್ತ್ರಕ್ಕೂ ಅರ್ಥಶಾಸ್ತ್ರಕ್ಕೂ ಅಂಕಿಸಂಖ್ಯೆಯ ಶಾಖೆಗಳು ಹುಟ್ಟಿರುವಂತೆ ಗ್ರಂಥಾಲಯದ ಕೆಲಸಕ್ಕೂ ಒಂದು ಮಾಪನಶಾಸ್ತ್ರವು ಬೇಕೆಂದು ರಂಗನಾಥನ್ ಅವರು ಸೂಚಿಸಿದರು. ಅದಕ್ಕೆ ಲೈಬ್ರಮೆಟ್ರಿ ಎಂದು ಹೆಸರಿಟ್ಟರು; ಕನ್ನಡದಲ್ಲಿ ಗ್ರಂಥಾಲಯಮಾಪನವೆನ್ನಬಹುದು. ಇಂದು ಸಂಶೋಧನೆಯನ್ನು ಅಂಕಿಗಳಲ್ಲಿ ಅಳೆಯುವ ಗ್ರಂಥಮಾಪನವೆಂಬ ಶಾಸ್ತ್ರಕ್ಕೆ ಪಾಶ್ಚಾತ್ಯರು ಹೆಸರು ಕೊಟ್ಟುದು 1969ರಲ್ಲಿ. ಅಂದರೆ ನಮ್ಮವರ ಸೂಚನೆಯಾಗಿ ಇಪ್ಪತ್ತೊಂದು ವರ್ಷಗಳಾದ ಮೇಲೆ. ಆದರೆ ಅಭಿಮಾನಪಡುವುದಕ್ಕಿಂತ ಹೆಚ್ಚಾಗಿ ನಾವು ಗಮನಿಸಬೇಕಾದುದು ಅವರ ಉದ್ದೇಶವನ್ನು. ಯಾವ ಪುಸ್ತಕಕ್ಕೆ ಬೇಡಿಕೆಯೆಷ್ಟು, ಎಷ್ಟು ಮಂದಿ ನೌಕರರು ಬೇಕು, ಓದುಗನ ಹೊತ್ತು ಎಲ್ಲಿ ವ್ಯರ್ಥವಾಗುತ್ತದೆ ಎಂಬುದನ್ನು ತಿಳಿಯುವುದಕ್ಕಾಗಿ ಅವರಿಗೆ ಅಂಕಿಗಳು ಬೇಕಾಗಿದ್ದವು. ಮನುಷ್ಯರಿಗೆ ಬೆಲೆ ಕಟ್ಟುವುದು ಅವರ ಉದ್ದೇಶವಾಗಿರಲಿಲ್ಲ.

ಉಲ್ಲೇಖಗಳನ್ನು ಎಣಿಸುವ ಪದ್ಧತಿಯ ಹುಟ್ಟೂ ಗ್ರಂಥಾಲಯದ ಸೇವೆಗಾಗಿಯೇ ಆದುದು. 1927ರಲ್ಲಿ ಅಮೇರಿಕದ ಗ್ರಾಸ್ ಎಂಬ ಹೆಸರಿನ ಇಬ್ಬರು, ರಸಾಯನಶಾಸ್ತ್ರದ ಪತ್ರಿಕೆಯೊಂದರ ಒಂದು ವರ್ಷದ ಸಂಪುಟದಲ್ಲಿ ಯಾವ ಯಾವ ಪತ್ರಿಕೆಗಳನ್ನು ಲೇಖಕರು ಎಷ್ಟು ಸಲ ಹೆಸರಿಸಿರುವರೆಂದು ಲೆಕ್ಕ ಹಾಕಿದರು. ಸಣ್ಣ ಕಾಲೇಜೊಂದು ತನ್ನ ಅಲ್ಪ ಹಣದಲ್ಲಿ ಯಾವ ಪತ್ರಿಕೆಗಳನ್ನು ತರಿಸಬೇಕೆಂಬುದೇ ಅವರ ಪ್ರಶ್ನೆಯಾಗಿದ್ದಿತು. 1964ರಿಂದ ಯೂಜಿನ್ ಗಾರ್ಫೀಲ್ಡ್ ಅವರ ವಿಜ್ಞಾನ ಉಲ್ಲೇಖಸೂಚಿಯು ಕ್ರಮವಾಗಿ ಪ್ರಕಟವಾಗತೊಡಗಿತು; ಒಂದು ಲೇಖನದ ವಿಚಾರವು ಮುಂದೆ ಎಲ್ಲೆಲ್ಲಿ ಹರಿಯಿತೆಂಬುದನ್ನು ಹುಡುಕಲು ಅದು ಸಾಧನವಾಯಿತು. ಪತ್ರಿಕೆಯ ಪ್ರಭಾವಾಂಕವು ಬಂದುದೂ ಇದೇ ದಾರಿಯಿಂದ. ಎರಡು ವರ್ಷಗಳಲ್ಲಿ ನೂರು ಲೇಖನಗಳನ್ನು ಅಚ್ಚುಮಾಡಿದ ಪತ್ರಿಕೆಗೆ ಮರುವರ್ಷ ಮುನ್ನೂರು ಉಲ್ಲೇಖಗಳು ದೊರೆತರೆ ಅದರ ಅಂಕ ಮೂರು. ಆ ಮುನ್ನೂರರಲ್ಲಿ ಇನ್ನೂರು ಉಲ್ಲೇಖಗಳು ಒಂದೇ ಲೇಖನಕ್ಕೆ ಬಂದಿರಬಹುದು. ಆದರೂ ಉಳಿದ ತೊಂಬತ್ತೊಂಬತ್ತು ಲೇಖನಗಳ ಕರ್ತೃಗಳೂ ಅದೇ ಮೂರನ್ನು ತಮ್ಮ ಹಣೆಗೆ ಹಚ್ಚಿಕೊಳ್ಳುತ್ತಾರೆ.

2005ರಲ್ಲಿ ಹಿರ್ಷ್ ಎಂಬ ಭೌತವಿಜ್ಞಾನಿಯು ವ್ಯಕ್ತಿಗೇ ಒಂದು ಅಂಕವನ್ನು ಕಲ್ಪಿಸಿದರು. ಹತ್ತು ಲೇಖನಗಳು ತಲಾ ಹತ್ತು ಸಲವಾದರೂ ಉಲ್ಲೇಖಗೊಂಡಿದ್ದರೆ ಆ ವಿಜ್ಞಾನಿಯ ಅಂಕ ಹತ್ತು. ಒಂದೇ ಲೇಖನವನ್ನು ಬರೆದು ಅದು ಸಾವಿರ ಸಲ ಉಲ್ಲೇಖಗೊಂಡವನ ಅಂಕವಾದರೋ ಒಂದೇ. 2010ರಲ್ಲಿ ನಮ್ಮ ವಿಶ್ವವಿದ್ಯಾನಿಲಯ ಅನುದಾನ ಆಯೋಗವೂ ಅಧ್ಯಾಪಕರ ನೇಮಕಕ್ಕೂ ಬಡ್ತಿಗೂ ಅಂಕಪದ್ಧತಿಯನ್ನು ತಂದಿತು. ಅಂಕಕ್ಕೆ ಬೇಡಿಕೆ ಹುಟ್ಟಿದೊಡನೆ ಅದರ ವ್ಯಾಪಾರವೂ ಹುಟ್ಟಿತು. ಹಣ ತೆತ್ತರೆ ಪರೀಕ್ಷೆಯಿಲ್ಲದೆ ಅಚ್ಚುಮಾಡುವ ಪತ್ರಿಕೆಗಳು, ಕೂಲಿಗೆ ಬರೆಸಿದ ಪ್ರಬಂಧಗಳು, ಒಬ್ಬರನ್ನೊಬ್ಬರು ಉಲ್ಲೇಖಿಸುವ ಕೂಟಗಳು, ಕೆಲಸ ಮಾಡದವನ ಹೆಸರನ್ನೂ ಸೇರಿಸುವ ದಾಕ್ಷಿಣ್ಯ, ಇವೆಲ್ಲ ಆ ಸಂತೆಯ ಸರಕುಗಳು.

ಇಂತಹ ಅಳತೆಗೋಲು ನಿಜವಾದ ಪ್ರತಿಭೆಯ ಮುಂದೆ ಹೇಗೆ ಸೋಲುವುದೆಂಬುದಕ್ಕೆ ರಂಗನಾಥನ್ ಅವರ ಬರಹದಲ್ಲಿಯೇ ನಿದರ್ಶನವುಂಟು. 1967ರಲ್ಲಿ ಅವರು ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಚರಿತ್ರೆಯನ್ನು ಬರೆದರು. ರಾಮಾನುಜನ್ ಅವರು ಕಾಲೇಜಿನ ಪರೀಕ್ಷೆಯಲ್ಲಿ ಅನುತ್ತೀರ್ಣರಾಗಿ, 1912ರಲ್ಲಿ ಮದರಾಸು ಬಂದರಿನ ಕಚೇರಿಯಲ್ಲಿ ಲೆಕ್ಕದ ಗುಮಾಸ್ತರಾಗಿದ್ದವರು. 1913ರಲ್ಲಿ ಅವರ ಕಾಗದವು ಕೇಂಬ್ರಿಜ್ಜಿನ ಹಾರ್ಡಿಯವರ ಕೈಸೇರಿದಾಗ ತೋರಿಸಲು ಅವರಲ್ಲಿ ಪದವಿಯೂ ಇರಲಿಲ್ಲ, ಉಲ್ಲೇಖಗಳ ಪಟ್ಟಿಯೂ ಇರಲಿಲ್ಲ. ಹಾರ್ಡಿಯವರು ಮಾಡಿದ್ದಿಷ್ಟೆ: ಕಾಗದವನ್ನು ಕೂತು ಓದಿದರು. 1918ರಲ್ಲಿ, ರಂಗನಾಥನ್ ಅವರು ಮಂಗಳೂರಿನಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ, ರಾಮಾನುಜನ್ ಅವರು ರಾಯಲ್ ಸೊಸೈಟಿಯ ಸದಸ್ಯರಾದರು. 1927ರಲ್ಲಿ ಒಟ್ಟುಗೂಡಿಸಿ ಪ್ರಕಟಿಸಿದ ಅವರ ಪ್ರಬಂಧಗಳು 37. ಲೋಕವೆಲ್ಲ ಸೇರಿ ಲಕ್ಷ ಸಲ ಉಲ್ಲೇಖಿಸಿದರೂ ಆ ಪ್ರಬಂಧಗಳಿಂದ ಅವರ ಹಿರ್ಷ್ ಅಂಕವು 37ನ್ನು ದಾಟಲಾರದು. ಅಚ್ಚಾಗದೆ ಉಳಿದು, 1976ರಲ್ಲಿ ಕೇಂಬ್ರಿಜ್ಜಿನ ಗ್ರಂಥಾಲಯದಲ್ಲಿ ಮತ್ತೆ ಕಣ್ಣಿಗೆ ಬಿದ್ದ ಅವರ ಕಡೆಯ ಹಾಳೆಗಳಾದರೋ ಅಷ್ಟು ಕಾಲವೂ ಯಾವ ಲೆಕ್ಕಕ್ಕೂ ಸೇರಿರಲಿಲ್ಲ. ಇನ್ನು ಹಾರ್ಡಿ ಮತ್ತು ರಾಮಾನುಜನ್ ಜೊತೆಗೂಡಿ ಬರೆದ ಪ್ರಬಂಧದಲ್ಲಿ ಯಾರದೆಷ್ಟು ಪಾಲು? ಒಬ್ಬರ ಹೊಳಹೂ ಇನ್ನೊಬ್ಬರ ಸಾಧನಕ್ರಮವೂ ಬೆರೆತ ಕೃತಿಯನ್ನು ಅರ್ಧರ್ಧವಾಗಿ ಹಂಚುವ ತಕ್ಕಡಿಯು ಇನ್ನೂ ತಯಾರಾಗಿಲ್ಲ.

ರಂಗನಾಥನ್ ಅವರ ಕಡೆಯ ವರ್ಷಗಳು ಬೆಂಗಳೂರಿನಲ್ಲಿ ಕಳೆದವು. 1962ರಲ್ಲಿ ಭಾರತೀಯ ಅಂಕಿಸಂಖ್ಯಾಶಾಸ್ತ್ರ ಸಂಸ್ಥೆಯ ಆಶ್ರಯದಲ್ಲಿ ಪ್ರಲೇಖನ ಸಂಶೋಧನ ಮತ್ತು ಶಿಕ್ಷಣ ಕೇಂದ್ರವನ್ನು ಅವರು ಅಲ್ಲಿ ಸ್ಥಾಪಿಸಿದರು. 1969ರಲ್ಲಿ ಗ್ರಂಥಾಲಯಮಾಪನದ ವಿಷಯವನ್ನು ಅಲ್ಲಿಯೇ ಮತ್ತೆ ಎತ್ತಿಕೊಂಡರು. 1965ರಲ್ಲಿ ಕೇಂದ್ರ ಸರಕಾರವು ಅವರನ್ನು ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರನ್ನಾಗಿ ನೇಮಿಸಿತು. 1972ರ ಸಪ್ಟೆಂಬರ 27ರಂದು ಅವರು ಕಾಲವಾದರು. ಐವತ್ತಕ್ಕೆ ಮಿಕ್ಕಿದ ಗ್ರಂಥಗಳನ್ನೂ ಸಾವಿರಕ್ಕೆ ಮಿಕ್ಕಿದ ಲೇಖನಗಳನ್ನೂ ಅವರು ಬರೆದರು. ಎಣಿಸುವವರಿಗೆ ಇದೂ ದೊಡ್ಡ ಸಂಖ್ಯೆಯೇ. ಆದರೆ ತೆರೆದ ಕಪಾಟಿನಿಂದ ತನಗೆ ಬೇಕಾದ ಪುಸ್ತಕವನ್ನು ತಾನೇ ಎತ್ತಿಕೊಳ್ಳುವ ಊರಿನ ಹುಡುಗನು ರಂಗನಾಥನ್ ಅವರನ್ನು ಯಾವ ಅಡಿಟಿಪ್ಪಣಿಯಲ್ಲಿಯೂ ಉಲ್ಲೇಖಿಸುವುದಿಲ್ಲ. ಒಂದು ವಿಚಾರವು ಜನರ ನಡೆಯಲ್ಲಿ ಪೂರ್ತಿಯಾಗಿ ಬೆರೆತುಹೋದ ಮೇಲೆ ಅದರ ಕರ್ತೃವಿನ ಹೆಸರು ಮಾಯವಾಗುವುದು ಸಹಜ; ಅತ್ಯಂತ ದೊಡ್ಡ ಪ್ರಭಾವವೇ ಹೀಗೆ ಸೂಚಿಯ ಬಲೆಯಿಂದ ನುಸುಳಿಹೋಗುತ್ತದೆ.

ಕನ್ನಡಿಗರಿಗೆ ಇದರಲ್ಲಿ ವಿಶೇಷವಾದ ಹಾನಿಯುಂಟು. ವಿದೇಶದ ಸೂಚಿಗಳು ಬಹುಮಟ್ಟಿಗೆ ಇಂಗ್ಲಿಷ್ ಪತ್ರಿಕೆಗಳನ್ನೇ ನೆಚ್ಚಿಕೊಂಡಿವೆ. 1919ರಲ್ಲಿ ಹುಟ್ಟಿದ ಪ್ರಬುದ್ಧ ಕರ್ನಾಟಕದಂತಹ ಪತ್ರಿಕೆಗಳಲ್ಲಿ ನಮ್ಮ ವಿದ್ವಾಂಸರು ಬರೆದ ಶ್ರಮಸಾಧ್ಯವಾದ ಲೇಖನಗಳಿಗೆ ಆ ತಕ್ಕಡಿಯಲ್ಲಿ ತೂಕವೆಲ್ಲಿಯದು? ನಮ್ಮ ನಾಡಿನ ನೀರು, ನೆಲ, ರೋಗ, ಬೆಳೆಗಳನ್ನು ಕುರಿತು ನಮ್ಮ ಜನಕ್ಕೆ ತಿಳಿಯುವ ಭಾಷೆಯಲ್ಲಿ ಬರೆದವನಿಗೆ ಸೊನ್ನೆಯೇ ಬಹುಮಾನವಾದರೆ, ಮುಂದೆ ಬರೆಯುವವರಾದರೂ ಯಾರು?

ಪತ್ರಿಕೆಯ ಅಂಕದಿಂದ ವ್ಯಕ್ತಿಯ ಯೋಗ್ಯತೆಯನ್ನು ಅಳೆಯಬಾರದೆಂದು 2012ರಲ್ಲಿ ಸಾನ್ ಫ್ರಾನ್ಸಿಸ್ಕೋ ನಗರದಲ್ಲಿ ಕೂಡಿದ ಸಂಪಾದಕರೂ ಪ್ರಕಾಶಕರೂ ಒಂದು ಘೋಷಣೆಯನ್ನು ಸಿದ್ಧಪಡಿಸಿದರು. ನಮ್ಮ ಅಧಿಕಾರಿಗಳೂ ನೇಮಕ ಸಮಿತಿಗಳೂ ಇದನ್ನು ಆಚರಣೆಗೆ ತರುವುದು ಅಸಾಧ್ಯವೇನಲ್ಲ. ಅಭ್ಯರ್ಥಿಯು ತನ್ನ ಶ್ರೇಷ್ಠವಾದ ಮೂರೋ ನಾಲ್ಕೋ ಕೃತಿಗಳನ್ನು ಮುಂದಿಡಲಿ; ಅವುಗಳಲ್ಲಿ ತನ್ನ ಪಾಲು ಏನೆಂಬುದನ್ನು ಸ್ಪಷ್ಟವಾಗಿ ತಿಳಿಸಲಿ; ಆ ವಿಷಯವನ್ನು ಬಲ್ಲವರು ಅವುಗಳನ್ನು ಓದಿ ತಮ್ಮ ಅಭಿಪ್ರಾಯವನ್ನು ಕಾರಣಸಹಿತವಾಗಿ ಬರೆಯಲಿ. ಅಂಕಿಗಳು ಅವರಿಗೆ ದಾರಿ ತೋರಿಸಲಿ, ತೀರ್ಪು ಕೊಡದಿರಲಿ. ಇದಕ್ಕೆ ಹೊತ್ತು ಹಿಡಿಯುವುದು ನಿಜ. ಆದರೆ ಓದುವ ಶ್ರಮವನ್ನು ಉಳಿಸಿಕೊಳ್ಳುವುದಕ್ಕಾಗಿ ವಿದ್ಯೆಯನ್ನೇ ಕಳೆದುಕೊಳ್ಳುವ ಮಿತವ್ಯಯವು ಯಾವ ವಿಶ್ವವಿದ್ಯಾನಿಲಯಕ್ಕೂ ಶೋಭಿಸದು.